ಇರ್ಕಾ ಬರುವ ತನಕ

ಬಸ್ಸಿನ ಕಿಟಕಿಯಾಚೆ ವೆಲಿಂಗ್ಟನ್ ಹತ್ತಿರದ ಹಟ್ ನದಿಯ ದಂಡೆ ಸರಿದು ಹೋಗುತ್ತಿತ್ತು. ರುದ್ರಾಣಿಗೆ ಅದರ ಪರಿವೆಯಿಲ್ಲ. ಅವಳು ತನ್ನ ಬಲಗೈ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದಳು. ಮೋಟಾಗಿ ಕತ್ತರಿಸಿದ ಉಗುರು, ಸಾಬೂನಿನ ನೀರಿಗೆ ಬಿರಿದ ಚರ್ಮ, ಅದರಲ್ಲೇನು ವಿಶೇಷ? ಆದರೆ ನಿನ್ನೆ ಮಧ್ಯಾಹ್ನ ರೆಸ್ಟ್ ಹೋಮಿನ ಊಟದ ಹಾಲಿನಲ್ಲಿ, ಇಪ್ಪತ್ತು ಜನ ವೃದ್ಧರ ಎದುರಿಗೆ, ಈ ಬೆರಳೇ ಮಿಸೆಸ್ ಗೆರ್ಟಾ ರೋಥ್ ಅವರ ಮಣಿಕಟ್ಟನ್ನು ಒತ್ತಿ ಹಿಡಿದಿತ್ತು. ಪಕ್ಕದವಳ ತಟ್ಟೆಯಿಂದ ಅರ್ಧ ಕಚ್ಚಿದ ಏಪ್ರಿಕಾಟ್ ಹಣ್ಣನ್ನು ಗೆರ್ಟಾ ಕಸಿದುಕೊಂಡಿದ್ದರು. ಬಾಯಿಗೆ ಇನ್ನೂ ಒಂದು ಗೇಣು ಇರುವಾಗ ರುದ್ರಾಣಿ ಹಿಡಿದಳು. ಹಣ್ಣು ನೆಲಕ್ಕೆ ಬಿತ್ತು, ಮುದುಕಿ ಅವಳ ಮುಖಕ್ಕೆ ಉಗಿದರು. ಉಗುಳು ಒರೆಸಿಕೊಂಡದ್ದು ಅಂಥ ದೊಡ್ಡ ಸಂಗತಿಯಲ್ಲ ಬಿಡಿ, ಒಂಬತ್ತು ವರ್ಷ ಕೇರ್‌ಗಿವರ್ ಆಗಿ ದುಡಿದು ಉಗಿಸಿಕೊಳ್ಳದವರು ಯಾರಿದ್ದಾರೆ! ಆದರೆ ಸಂಜೆಯ ಹೊತ್ತಿಗೆ ಆ ಮಣಿಕಟ್ಟಿನ ಮೇಲೆ ನೀಲಿ ಕಲೆ ಎದ್ದಿತ್ತು. ನರ್ಸ್ ಚಂದ್ರಿಕಾ ಸ್ಕೇಲು ತಂದು ಅಳೆದು ಫಾರ್ಮಿನಲ್ಲಿ ಬರೆದುಕೊಂಡಳು. ಮೈಸೂರಿನವಳು, ರುದ್ರಾಣಿಗಿಂತ ಹತ್ತು ವರ್ಷ ಚಿಕ್ಕವಳು, ಡ್ಯೂಟಿಯ ಮೇಲೆ ಅವಳೇ ದೊಡ್ಡವಳು. "ಕೈ ಹಿಡ್ಕೊಂಡ್ರಾ ರುದ್ರಾಣಿಯವರೇ?" ಎಂದು ಮೆಲ್ಲಗೆ ಕೇಳಿದಳು. "ಹಿಡಕೊಂಡೆ ರೀ." "ಯಾಕೆ?" ಯಾಕೆ ಅಂದರೆ ಏನು ಹೇಳುವುದು? ಮಾತು ಕೊಟ್ಟಿದ್ದೆ ಎಂದು ಬರೆಯಲಿಕ್ಕೆ ಆ ಫಾರ್ಮಿನಲ್ಲಿ ಜಾಗ ಇರಲಿಲ್ಲ.

ಮಾತು ಕೊಟ್ಟು ಎರಡೂವರೆ ವರ್ಷವಾಗಿತ್ತು. ಆಗ ಗೆರ್ಟಾ ರೋಥ್ ಎಂದರೆ ಏನು ಹೆಂಗಸು! ನೆಟ್ಟಗೆ ಕೂತು ಪೇಪರು ಓದುವರು, ಚಹಾ ತಣ್ಣಗಿದ್ದರೆ ವಾಪಸು ಕಳಿಸುವರು, ರುದ್ರಾಣಿಯನ್ನು ರುಡಿ ಎಂದು ಕರೆದು ಅವಳ ಇಂಗ್ಲಿಷ್ ತಿದ್ದುವರು. ಒಂದು ಜನವರಿಯಲ್ಲಿ ಊಟದ ಮೇಲೆ ಏಪ್ರಿಕಾಟ್ ಹಂಚುತ್ತಿದ್ದಾಗ ಅವರು ತಟ್ಟೆಯನ್ನು ಬೆರಳ ತುದಿಯಿಂದ ಆಚೆ ಸರಿಸಿದರು. "ಮೈಗೆ ಆಗಿಬರೋದಿಲ್ಲವಾ?" ಎಂದು ರುದ್ರಾಣಿ ಕೇಳಿದ್ದಕ್ಕೆ ಮಧ್ಯಾಹ್ನ ರೂಮಿಗೆ ಕರೆದು ಹೇಳಿದರು. ಪ್ರಾಗ್ ಊರಿನ ಸ್ಟೇಷನ್ನು, ಸಾವಿರದ ಒಂಬೈನೂರಾ ಮೂವತ್ತೊಂಬತ್ತರ ಬೇಸಿಗೆ. ಯಹೂದಿ ಮಕ್ಕಳನ್ನು ಇಂಗ್ಲೆಂಡಿಗೆ ಸಾಗಿಸುವ ರೈಲು. ಗೆರ್ಟಾಗೆ ಹನ್ನೆರಡು ತುಂಬಿ ಮೂರು ತಿಂಗಳು, ತಂಗಿ ಇರ್ಕಾಗೆ ಆರು. ಇರ್ಕಾಗೆ ಜ್ವರ ಇದ್ದದ್ದರಿಂದ ಅವಳ ಹೆಸರನ್ನು ಮುಂದಿನ ರೈಲಿಗೆ ಬರೆದಿದ್ದರು. ಅಕ್ಕನ ಕೋಟು ಹಿಡಿದು ಆ ಹುಡುಗಿ ಪ್ಲಾಟ್‌ಫಾರ್ಮೇ ಹಾರಿಹೋಗುವ ಹಾಗೆ ಅತ್ತಳಂತೆ. ಗೆರ್ಟಾಳ ಕೈಯಲ್ಲಿ ದಾರಿಗೆಂದು ತಾಯಿ ಕೊಟ್ಟ ಏಪ್ರಿಕಾಟಿನ ಚೀಲ. ಚೀಲವನ್ನು ತಂಗಿಯ ಕೈಗೆ ಇಟ್ಟು, ನೀನು ಬರುವ ತನಕ ಈ ಹಣ್ಣನ್ನು ನಾನು ಬಾಯಿಗೆ ಇಡುವುದಿಲ್ಲ, ನೀನು ಬಂದ ಮೇಲೆ ಇಬ್ಬರೂ ಕೂತು ತಿನ್ನೋಣ ಅಂದಳು. ಸುಮ್ಮನೆ ಅಂದದ್ದಲ್ಲ, ವ್ರತ ತೊಡುವಾಗ ಅವರಲ್ಲಿ ಒಂದು ಶಬ್ದವಿದೆಯಂತೆ, ಆ ಶಬ್ದ ಸೇರಿಸಿ ಅಂದಳು. ಹುಡುಗಿ ಅಳು ನಿಲ್ಲಿಸಿತು.

"ಪಕ್ಕದಲ್ಲೇ ಅಪ್ಪ ಇದ್ದರು" ಎಂದು ಗೆರ್ಟಾ ಹೇಳಿದ್ದರು. "ನಮ್ಮ ಶಾಸ್ತ್ರದಲ್ಲಿ ಒಂದು ಮಾತಿದೆ ರುಡಿ. ಆ ವಯಸ್ಸಿನ ಮಗಳು ವ್ರತ ತೊಟ್ಟದ್ದನ್ನು ಕೇಳಿಸಿಕೊಂಡ ದಿನವೇ ತಂದೆ ಬೇಡ ಅಂದರೆ ಅದು ಬಿದ್ದುಹೋಗುತ್ತೆ. ಸುಮ್ಮನಿದ್ದರೆ ನಿಲ್ಲುತ್ತೆ. ಅಪ್ಪ ಅದನ್ನು ಹುಡುಗರಿಗೆ ಪಾಠ ಹೇಳ್ತಿದ್ದವರು. ಅವರಿಗೆ ಗೊತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು, ಒಂದು ಮಾತೂ ಆಡಲಿಲ್ಲ." ಮುಂದಿನ ರೈಲು ಹೊರಡಲೇ ಇಲ್ಲ, ಯುದ್ಧ ಬಂತು. ಯುದ್ಧ ಮುಗಿದ ಮೇಲೆ ಕಳಿಸಿದ ಕಾಗದಗಳಿಗೆ ಉತ್ತರ ಬಂತು. ಸತ್ತವರ ಪಟ್ಟಿಯಲ್ಲಿ ತಂದೆಯ ಹೆಸರಿತ್ತು, ತಾಯಿಯ ಹೆಸರಿತ್ತು. ಇರ್ಕಾಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಲಂಡನ್ನಿನಲ್ಲಿ ಮದುವೆ, ಹಡಗು ಹತ್ತಿ ವೆಲಿಂಗ್ಟನ್ನಿಗೆ, ಒಬ್ಬ ಮಗಳು, ಗಂಡನ ಸಾವು, ಎಲ್ಲ ಆಯಿತು. ವರುಷಕ್ಕೊಮ್ಮೆ ಸತ್ತವರಿಗೆ ದೀಪ ಹಚ್ಚುವಾಗ ಗೆರ್ಟಾ ತಂದೆಗೊಂದು, ತಾಯಿಗೊಂದು, ಗಂಡನಿಗೊಂದು ಹಚ್ಚುತ್ತಿದ್ದರು. ನಾಲ್ಕನೆಯದನ್ನು ಯಾವತ್ತೂ ಹಚ್ಚಿದ್ದಿಲ್ಲ.

ರುದ್ರಾಣಿಗೆ ಇದು ಥಟ್ಟನೆ ಅರ್ಥವಾಗಿತ್ತು, ಅಥವಾ ಅರ್ಥವಾಯಿತು ಅಂದುಕೊಂಡಳು. "ನಮ್ಮ ಅವ್ವನೂ ಹಿಂಗ ಮಾಡಿದ್ದಳು" ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದಳು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು. ಅವ್ವ, ಗದಗಿನ ಬಸವ್ವ, ಬದನೆಕಾಯಿ ಬಿಟ್ಟು ಬಂದಳು. ಬದನೆಕಾಯಿ! ದಿನಾ ಎಣಗಾಯಿ ಇಲ್ಲದೆ ರೊಟ್ಟಿ ಮುರಿಯದವಳು. ಬೇರೆಯವರೆಲ್ಲ ಹಾಗಲಕಾಯಿ ಬಿಟ್ಟು ಜಾಣರಾಗಿ ಬಂದರೆ ಇವಳು ಹೀಗೆ ಮಾಡಿದಳಲ್ಲ ಎಂದು ಅಪ್ಪ ತಲೆ ಚಚ್ಚಿಕೊಂಡಿದ್ದ. ಗೆರ್ಟಾ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಕೇಳಿದರು: "ನಿನ್ನ ತಾಯಿ ಯಾರಿಗೆ ಮಾತು ಕೊಟ್ಟದ್ದು?" "ದೇವರಿಗೆ." "ಹಾಗಾದರೆ ಅದು ಸುಲಭ. ದೇವರಿಗೆ ಕೊಟ್ಟದ್ದು ಕಷ್ಟವಾದರೆ ನಮ್ಮಲ್ಲಿ ತಿಳಿದವರು ಮೂವರು ಕೂತು ಬಿಡಿಸಿಕೊಡ್ತಾರೆ. ಮನುಷ್ಯರಿಗೆ ಕೊಟ್ಟದ್ದನ್ನು ಆ ಮನುಷ್ಯರೇ ಎದುರಿಗೆ ಬಂದು ಬಿಡಬೇಕು." ರುದ್ರಾಣಿ ತಲೆ ಆಡಿಸುತ್ತ ಹಾಸಿಗೆಯ ಚಾದರು ಬದಲಾಯಿಸುತ್ತಿದ್ದಳು. ಈ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು.

ಬಸ್ಸು ನಿಂತಿತು. ಇಳಿದು ನಡೆಯುವಾಗ ಮಗಳು ಮಯೂರಿ ಬೆಳಿಗ್ಗೆ ಅಂದದ್ದು ತಲೆಯಲ್ಲಿ ಸುತ್ತುತ್ತಿತ್ತು. "ಜಸ್ಟ್ ಗಿವ್ ಇಟ್ ಟು ಹರ್, ಮಮ್. ಶಿ ಡಸಂಟ್ ಈವನ್ ರಿಮೆಂಬರ್." ಟೋಸ್ಟಿಗೆ ಬೆಣ್ಣೆ ಹಚ್ಚುತ್ತ ಹೇಳಿಬಿಟ್ಟಳು. ಮುದುಕಿಗೆ ನೆನಪಿಲ್ಲ, ನಿಜ. ಆದರೆ ಅದಕ್ಕೇ ಅಲ್ಲವೇ ಮಾತು ತೆಗೆದುಕೊಂಡದ್ದು! ಎರಡೂವರೆ ವರ್ಷದ ಹಿಂದೆ, ಡಾಕ್ಟರು ಇದು ಮರೆವಿನ ಕಾಯಿಲೆ ಎಂದು ತಿಳಿಸಿದ ವಾರವೇ ಗೆರ್ಟಾ ರುದ್ರಾಣಿಯನ್ನು ಕೂರಿಸಿಕೊಂಡು, "ಒಂದು ದಿನ ನಾನು ಇರ್ಕಾಳನ್ನೂ ಮರೀತೀನಿ. ಆವತ್ತು ಈ ಹಣ್ಣು ಬೇಕು ಅಂತ ಕೇಳಿದರೂ ಕೇಳಬಹುದು. ಕೊಡಬೇಡ. ನನ್ನ ಪರವಾಗಿ ನೀನು ನೆನಪಿಟ್ಟುಕೋ" ಅಂದಿದ್ದರು. ರುದ್ರಾಣಿ ತಟಕ್ಕನೆ ಕೊರಳಿಗೆ ಕೈ ಹಾಕಿ, ಯೂನಿಫಾರ್ಮಿನ ಮೇಲಿಂದಲೇ ಲಿಂಗ ಮುಟ್ಟಿ ಆಣೆ ಮಾಡಹೋದಳು. ಮುದುಕಿ ಗಾಬರಿಯಿಂದ ಆ ಕೈ ಕಿತ್ತು ತೆಗೆದರು. "ಏನು ಮಾಡ್ತಿದ್ದೀ? ಹಾಗೆ ದೇವರನ್ನು ಎಳೀಬೇಡ. ನಾವು ಸಂಜೆ ಬರ್ತೀನಿ ಅನ್ನೋದಕ್ಕೂ ಇದು ವ್ರತವಲ್ಲ ಅಂತ ಸೇರಿಸಿ ಹೇಳೋ ಜನ. ಬಾಯಿಂದ ಹೊರಟದ್ದು ಹೊರಟ ಹಾಗೇ. ಮನೆಗೆ ಹೋಗಿ ಯೋಚನೆ ಮಾಡು. ಆಗುತ್ತೆ ಅನ್ನಿಸಿದರೆ ನಾಳೆ ಹೇಳು, ಇಲ್ಲದಿದ್ದರೆ ಇಲ್ಲ ಅನ್ನು. ಬೇಜಾರಿಲ್ಲ."

ರುದ್ರಾಣಿ ಯೋಚನೆ ಮಾಡಲಿಲ್ಲ. ಇದನ್ನು ಯಾರ ಮುಂದೆ ಹೇಳುವುದು? ಮನೆಗೆ ಹೋಗಿ ಕುಕ್ಕರ್ ಇಟ್ಟಳು, ಗಂಡನ ಅಂಗಿಗಳಿಗೆ ಇಸ್ತ್ರಿ ಮಾಡಿದಳು, ಮಲಗಿದಳು. ಮರುದಿನ ಚಹಾದ ಗಾಡಿ ತಳ್ಳಿಕೊಂಡು ರೂಮಿನ ಬಾಗಿಲಿಗೆ ಬಂದಾಗ ಗೆರ್ಟಾ ಡ್ರೆಸ್ ಮಾಡಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಆ ಮುಖ ನೋಡಿದಾಗಲೇ ಅವಳಿಗೆ ನೆನಪಾದದ್ದು. "ಆಯ್ತು ಮಿಸೆಸ್ ರೋಥ್, ಪ್ರಾಮಿಸ್" ಎಂದು ನಗುತ್ತ, ಸಕ್ಕರೆ ಕದಡುತ್ತ, ಹೇಳಿಬಿಟ್ಟಳು. ಮುದುಕಿ ಕಣ್ಣು ಮುಚ್ಚಿ ಉಸಿರುಬಿಟ್ಟರು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಒಬ್ಬರು ನಿದ್ದೆಗೆಟ್ಟು ಕಾದದ್ದನ್ನು ಇನ್ನೊಬ್ಬಳು ಚಹಾದ ಜೊತೆ ಬಿಸ್ಕೀಟು ಕೊಟ್ಟ ಹಾಗೆ ಕೊಟ್ಟಿದ್ದಳು. ಅವತ್ತೇ ಹೋಗಿ ಅವರ ಆರೈಕೆಯ ಫೈಲಿನಲ್ಲಿ, ಏಪ್ರಿಕಾಟ್ ಕೊಡತಕ್ಕದ್ದಲ್ಲ, ಧಾರ್ಮಿಕ ಕಾರಣ, ಎಂದು ಬರೆಸಿದಳು. ಅಷ್ಟು ಮಾಡಿ ಕೈ ತೊಳೆದುಕೊಂಡೆ ಅನ್ನಿಸಿತ್ತು.

ಆಫೀಸಿನಲ್ಲಿ ಚಂದ್ರಿಕಾ ಅದೇ ಫೈಲನ್ನು ಬಿಚ್ಚಿಟ್ಟುಕೊಂಡು ಕೂತಿದ್ದಳು. "ಬನ್ನಿ ಕೂತ್ಕೊಳ್ಳಿ. ಮೆಲ್ಬರ್ನಿಂದ ಮಿಸೆಸ್ ರೋಥ್ ಅವರ ಮಗಳು ಫೋನ್ ಮಾಡಿದ್ರು. ಅಮ್ಮ ಜೀವನಪೂರ್ತಿ ತನಗೆ ತಾನೇ ಶಿಕ್ಷೆ ಕೊಟ್ಕೊಂಡಿದ್ದು ಸಾಕು, ಕೊನೆಗಾಲಕ್ಕೆ ಏನು ಕೇಳಿದ್ರೂ ಕೊಟ್ಬಿಡಿ ಅಂದ್ರು. ನಾನು ಆ ಸಾಲು ಹೊಡೆದುಹಾಕಿದೀನಿ, ನೋಡಿ." ನೀಲಿ ಶಾಯಿಯ ಒಂದು ಗೀಟು, ಅದರ ಪಕ್ಕ ಸಹಿ, ತಾರೀಖು. ರುದ್ರಾಣಿ ನೋಡಿದಳು. "ಇವತ್ತಿಗೆ ಐದು ದಿನ ಆಯ್ತು ರುದ್ರಾಣಿಯವರೇ, ನೀರು ಬಿಟ್ರೆ ಹೊಟ್ಟೆಗೆ ಏನೂ ಹೋಗಿಲ್ಲ. ಅವರು ಕೇಳ್ತಿರೋದು ಅದೊಂದೇ. ಕೊಟ್ರೆ ಅದರ ಹಿಂದೆ ಎರಡು ಸ್ಪೂನ್ ಗಂಜಿನಾದ್ರೂ ಹೋಗುತ್ತೇನೋ. ನಿಮ್ಮ ಕೈಲಿ ಆಗಲ್ಲಾಂದ್ರೆ ಹೇಳ್ಬಿಡಿ, ಮೂರು ಗಂಟೆಗೆ ಬೇರೆಯವರ ಕೈಲಿ ಕೊಡಿಸ್ತೀನಿ. ನಿಮ್ಮನ್ನ ಬೈತಿಲ್ಲ ಕಣ್ರೀ." ರುದ್ರಾಣಿಗೆ ಬೈದಿದ್ದರೆ ಚೆನ್ನಾಗಿತ್ತು. "ನಾನ ನೋಡ್ತೀನಿ ಬಿಡ್ರಿ" ಎಂದು ಎದ್ದಳು.

ಗೆರ್ಟಾ ಕಿಟಕಿಯ ಕಡೆಯ ಕುರ್ಚಿಯಲ್ಲಿ ಇದ್ದರು. ಇದ್ದರು ಎನ್ನುವುದಕ್ಕಿಂತ ಅವರ ಕಾರ್ಡಿಗನ್ ಇತ್ತು, ಅದರೊಳಗೆ ಎಲ್ಲೋ ಅವರು. ಇಂಗ್ಲಿಷ್ ಹೋಗಿ ಒಂದು ತಿಂಗಳಾಗಿತ್ತು, ಈಗ ಬಾಯಲ್ಲಿ ಉಳಿದದ್ದು ಹುಟ್ಟೂರಿನ ನುಡಿ, ಅದರಲ್ಲೂ ಈ ಐದು ದಿನದಿಂದ ಒಂದೇ ಶಬ್ದ. "ಮೆರುನ್ಕಿ" ಎಂದರು ಅವಳನ್ನು ಕಂಡೊಡನೆ. ಏಪ್ರಿಕಾಟಿಗೆ ಅವರಲ್ಲಿ ಹಾಗೆ ಅನ್ನುತ್ತಾರೆ. ಹೋದ ವಾರ ಅಡುಗೆಮನೆಯವರು ಹಣ್ಣಿನ ಬೋಗುಣಿಯನ್ನು ಊಟದ ಹಾಲಿನಲ್ಲಿಟ್ಟದ್ದೇ ಇಟ್ಟದ್ದು, ಇದು ಶುರುವಾಯಿತು. ಬೋಗುಣಿಯನ್ನು ರುದ್ರಾಣಿ ಕಪಾಟಿನೊಳಗೆ ಮುಚ್ಚಿಟ್ಟಳು, ಗೆರ್ಟಾರ ಕುರ್ಚಿಯನ್ನು ಗೋಡೆಗೆ ತಿರುಗಿಸಿದಳು, ಪೀಚ್ ಕೊಟ್ಟಳು, ಮುದುಕಿ ವಾಸನೆ ನೋಡಿ ನೆಲಕ್ಕೆ ಎಸೆದರು. ಮರೆವಿನ ಕಾಯಿಲೆ ಗಂಡನನ್ನು ತಿಂದಿತ್ತು, ಮಗಳನ್ನು ತಿಂದಿತ್ತು, ಇರ್ಕಾಳನ್ನೂ ತಿಂದಿತ್ತು. ಹಣ್ಣಿನ ಆಸೆಯನ್ನು ಮಾತ್ರ ಉಳಿಸಿತ್ತು. ಎಂಥ ಕಾಯಿಲೆಯಪ್ಪ ಇದು! "ಮೆರುನ್ಕಿ." "ಕಸ್ಟರ್ಡ್ ಐತಿ ನೋಡ್ರಿ, ಒಂದು ಚಮಚ" ಎಂದು ರುದ್ರಾಣಿ ಗೊತ್ತಾಗದ ಕನ್ನಡದಲ್ಲೇ ಅಂದಳು. ಮುದುಕಿ ತುಟಿ ಬಿಗಿದುಕೊಂಡರು. ಕಣ್ಣಂಚಿನಲ್ಲಿ ನೀರು ಇಳಿಯಿತು. ಸಿಟ್ಟಿನದಲ್ಲ, ಹಸಿದ ಮಕ್ಕಳ ಕಣ್ಣಿನ ನೀರು.

ಅವ್ವ ಹಾಸಿಗೆ ಹಿಡಿದಾಗ ಗದಗಿನಿಂದ ಅಣ್ಣನ ಫೋನು ಬಂದದ್ದು ರುದ್ರಾಣಿಯ ಮನೆಯ ಅಡುಗೆಮನೆಗೆ. ಐದು ವರ್ಷದ ಹಿಂದಿನ ಮಾತು, ಆಗ ಮನೆ ಸ್ಟೋಕ್ಸ್ ವ್ಯಾಲಿಯಲ್ಲಿತ್ತು. "ರುದ್ರಿ, ಅವ್ವ ಏನೂ ಒಲ್ಲೆ ಅನ್ನಾಕತ್ತಾಳ. ಎಣಗಾಯಿ ಬೇಕಂತ ಹಟ ಹಿಡದಾಳ. ನಿಮ್ಮ ವೈನಿ ಮಾಡತೀನಿ ಅಂತಾಳ. ಏನ್ ಮಾಡೂದು?" ಏನು ಮಾಡುವುದು ಎಂದು ಅವಳನ್ನು ಯಾಕೆ ಕೇಳಿದನೋ. ಹಡೆದವಳ ತಲೆದಿಂಬಿನ ಹತ್ತಿರ ಇಲ್ಲದವಳು, ಟಿಕೇಟು ಸಿಗಲಿಲ್ಲ ರಜೆ ಸಿಗಲಿಲ್ಲ ಎಂದು ಕೂತವಳು, ಅವಳಿಗೆ ಆ ಹೊತ್ತು ನೇಮದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು. "ಕೊಡಬ್ಯಾಡ್ರಿ ಅಣ್ಣಾ. ಕಾಶಿಯೊಳಗ ಬಿಟ್ಟಾಳ. ಹೋಗೂ ಮುಂದ ವ್ರತಾ ಕೆಡಸಬಾರದು." ಎಷ್ಟು ಗಟ್ಟಿಯಾಗಿ ಹೇಳಿದಳು! ಹೇಳಿ ಫೋನಿಟ್ಟ ಮೇಲೆ ಒಂದು ರೀತಿಯ ಸಮಾಧಾನವೂ ಆಯಿತು, ಅವ್ವನಿಗಾಗಿ ಏನೋ ಮಾಡಿದೆ ಎಂದು. ಅವ್ವ ಮೂರನೆಯ ದಿನ ಹೋದಳು. ಮಣ್ಣು ಮಾಡಿದ ಮೇಲೆ ಹೋಗಿ ಮುಟ್ಟಿದ ರುದ್ರಾಣಿಯನ್ನು ವೈನಿ, ಅಣ್ಣನ ಹೆಂಡತಿ, ಹಿತ್ತಲಿಗೆ ಕರೆದು, ಯಾವ ಸಿಟ್ಟೂ ಇಲ್ಲದೆ, ಹೇಳಿದಳು: "ಕಡೀ ದಿನ ಬದನಿಕಾಯಿ ಅನ್ನೂ ಶಬ್ದಾನೂ ಮರತಿದ್ರವಾ. 'ತುಂಬಿ ಮಾಡ್ತಾರಲ್ಲ ಅದು, ಅದು' ಅಂತ ಬೆರಳ ಕೂಡಿಸಿ ತೋರಸ್ತಿದ್ರು. ನೀ ಬ್ಯಾಡಂದಿದ್ದಿ, ಅದಕ್ಕ ನಾ ಕೊಡಲಿಲ್ಲ." ಎಣ್ಣೆ ಬಿಟ್ಟುಕೊಂಡ ಆ ಮಸಾಲೆಯ ಒಂದು ಬೆರಳಷ್ಟು ನಾಲಿಗೆಗೆ ಹಚ್ಚಿದ್ದರೆ ಕಾಶಿಯ ವಿಶ್ವನಾಥ ಏನು ಗಂಟು ಕಳಕೊಳ್ಳುತ್ತಿದ್ದ? ಮೆರುನ್ಕಿ, ಎಂದರು ಗೆರ್ಟಾ. ಬೆರಳು ಕೂಡಿಸಿ, ಹಣ್ಣಿನಷ್ಟು ದುಂಡಗೆ ಮಾಡಿ ತೋರಿಸಿದರು. ರುದ್ರಾಣಿ ಕಸ್ಟರ್ಡಿನ ಬಟ್ಟಲು ಕೆಳಗಿಟ್ಟು ಹೊರಗೆ ಹೋಗಿ ಲಿನೆನ್ ರೂಮಿನಲ್ಲಿ ಟವೆಲ್ಲುಗಳ ನಡುವೆ ನಿಂತುಕೊಂಡಳು.

ಕೇಳಬೇಕಾದವರನ್ನೆಲ್ಲ ಕೇಳಿಯಾಗಿತ್ತು. ಶುಕ್ರವಾರ ಸಂಜೆಗೆ ಮೊದಲು ವೆಲಿಂಗ್ಟನ್ನಿನ ಸಿನಗಾಗಿನಿಂದ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಿಂದ, ಮಿಸ್ಟರ್ ಸ್ಟರ್ನ್ ಎಂಬ ಹಿರಿಯರು ಗೆರ್ಟಾರನ್ನು ನೋಡಲು ಬರುತ್ತಿದ್ದರು. ಆ ಸಂಜೆ ಅವರಲ್ಲಿ ದೀಪ ಹಚ್ಚುವ ಪದ್ಧತಿ, ರೂಮಿನಲ್ಲಿ ಬೆಂಕಿ ಹಚ್ಚಬಾರದೆಂದು ಬ್ಯಾಟರಿಯ ಮೇಣದಬತ್ತಿ ತರುತ್ತಿದ್ದರು. ಹೋದ ಶುಕ್ರವಾರ ಅವರನ್ನು ಪಾರ್ಕಿಂಗಿನ ತನಕ ಹಿಂಬಾಲಿಸಿ ಹೋಗಿ ರುದ್ರಾಣಿ ಎಲ್ಲ ಹೇಳಿದಳು. ಅವರು ತೆರೆದಿದ್ದ ಕಾರಿನ ಬಾಗಿಲನ್ನು ಮತ್ತೆ ಮುಚ್ಚಿದರು. ಬುದ್ಧಿ ಸ್ವಾಧೀನದಲ್ಲಿಲ್ಲದವರಿಗೆ ನಮ್ಮ ಶಾಸ್ತ್ರ ಯಾವ ಕಟ್ಟೂ ಹಾಕುವುದಿಲ್ಲ, ತಿಂದರೆ ಗೆರ್ಟಾಗೆ ಪಾಪವಿಲ್ಲ ಅಂದರು. ರುದ್ರಾಣಿಯ ಮುಖ ಅರಳಿತು. "ಆದರೆ ನೀವು ಕೇಳ್ತಿರೋದು ಅವಳ ಮಾತನ್ನಲ್ಲ, ನಿಮ್ಮ ಮಾತನ್ನು" ಎಂದರು ಅವರು. "ಅದನ್ನು ಬಿಡೋ ಹಕ್ಕು ಇರೋದು ಅವಳಿಗೆ. ಅವಳು ಈಗ ಎಲ್ಲಿದ್ದಾಳೆ?" ಇಬ್ಬರೂ ಗೆರ್ಟಾರ ರೂಮಿನ ಕಿಟಕಿಯ ಕಡೆ ನೋಡಿದರು. ಮಿಸ್ಟರ್ ಸ್ಟರ್ನ್ ಹ್ಯಾಟು ತೆಗೆದು ಮತ್ತೆ ಹಾಕಿಕೊಂಡು, "ನಾನು ನಿಮ್ಮ ಜಾಗದಲ್ಲಿ ಇಲ್ಲವಲ್ಲ ಅಂತ ದೇವರಿಗೆ ಕೈ ಮುಗೀತೀನಿ" ಎಂದು ಹೊರಟುಹೋದರು. ಈ ಮಾತಿನಿಂದ ಅವಳಿಗೆ ಎಷ್ಟು ಕೋಪ ಬಂತೆಂದರೆ ಇಡೀ ಶನಿವಾರ ಮನೆಯ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು.

ಊಟದ ಬಿಡುವಿನಲ್ಲಿ ಅವಳು ಯೂನಿಫಾರ್ಮಿನ ಮೇಲೆ ಕೋಟು ಹಾಕಿಕೊಂಡು ಮೂಲೆಯ ಹಣ್ಣಿನಂಗಡಿಗೆ ಹೋದಳು. ಕೊಡುವುದೇ ಆದರೆ ಅಡುಗೆಮನೆಯ ಬೋಗುಣಿಯ ಹುಳಿಗಾಯಿ ಯಾಕೆ? ಬೇರೆ ಯಾರೋ ಹುಡುಗಿ ಬಂದು, ಟೀವಿ ನೋಡುತ್ತ ನೋಡುತ್ತ, ಚೂರು ಮಾಡಿ ಬಾಯಿಗೆ ತುರುಕುವುದು ಯಾಕೆ? ಹೀಗೆ ತನಗೆ ತಾನೇ ವಾದ ಹೇಳಿಕೊಳ್ಳುತ್ತ ಅವಳು ಒಂದೊಂದೇ ಹಣ್ಣನ್ನು ತಿರುಗಿಸಿ ನೋಡಿದಳು. ಒಟಾಗೋದ ಕಡೆಯ ಹಣ್ಣು, ಕೆನ್ನೆ ಕೆಂಪಾದದ್ದು, ಒತ್ತಿದರೆ ಸ್ವಲ್ಪ ತಗ್ಗುವಂಥದ್ದು. ಎರಡು ಆರಿಸಿದಳು. ಅವ್ವನಿಗೆ ಕೊಡಲಿಲ್ಲ. ಹೌದು, ಅದೇ, ಮುಚ್ಚುಮರೆ ಏನು? ಅವ್ವನಿಗೆ ಕೊಡದೆ ಕೊಂದೆ, ಇವರಿಗಾದರೂ ಕೊಡುತ್ತೇನೆ. ತಪ್ಪಾದರೆ ಆ ತಪ್ಪು ನನ್ನ ತಲೆಗೆ ಇರಲಿ, ಬೇಕಾದರೆ ಐದು ಸೋಮವಾರ ಉಪವಾಸ ಮಾಡುತ್ತೇನೆ, ಊರಿಗೆ ಹೋದಾಗ ವೀರಭದ್ರನಿಗೆ ತಪ್ಪುಕಾಣಿಕೆ ಹಾಕುತ್ತೇನೆ. ದೇವರು ತಾಯಿಯಂಥವನು, ಒಪ್ಪಿಕೊಳ್ಳುತ್ತಾನೆ. ರಸ್ತೆ ದಾಟುವಾಗ ಅವಳಿಗೆ ಅಳು ಬರುತ್ತಿತ್ತು, ಜೊತೆಗೆ ಎದೆ ಹಗುರವಾಗುತ್ತಲೂ ಇತ್ತು. ಲೆಕ್ಕವೆಲ್ಲ ತನಗೂ ದೇವರಿಗೂ ನಡುವಿನದು ಎಂದೇ ಅವಳು ತಿಳಿದಿದ್ದಳು.

ಮೂರಕ್ಕೆ ಹತ್ತು ನಿಮಿಷವಿತ್ತು. ಬಾಗಿಲು ಮುಂದಕ್ಕೆ ಮಾಡಿ, ಗೆರ್ಟಾರ ಕೊರಳಿಗೆ ಟವೆಲ್ಲು ಕಟ್ಟಿ, ಹಣ್ಣನ್ನು ಬಿಡಿಸಿ ಅರ್ಧ ಮಾಡಿ ಕೈಗೆ ಕೊಟ್ಟಳು. ಬಾಯಿಗೆ ತಾನೇ ಇಡಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ. ಮುದುಕಿ ಅದನ್ನು ಮೂಗಿಗೆ ಹಿಡಿದರು. ಆಮೇಲೆ ತಿಂದರು. ಎಂಥ ತಿನ್ನುವುದು! ಐದು ದಿನದಿಂದ ಬಿಗಿದಿದ್ದ ಬಾಯಿ ಅದೇನಾ? ರಸ ಗಲ್ಲದ ಮೇಲೆ ಇಳಿಯಿತು, ಅದನ್ನೂ ಬೆರಳಿನಿಂದ ಬಳಿದು ಚೀಪಿದರು. ಇನ್ನರ್ಧ ತಿಂದರು. ಎರಡನೆಯದನ್ನು ತಾವೇ ಬಿಡಿಸಿದರು, ಬೀಜ ತೆಗೆದು ತಟ್ಟೆಯ ಅಂಚಿಗೆ ಓರಣವಾಗಿ ಇಟ್ಟರು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು. ಆ ಮುಖದಲ್ಲಿ ಬಣ್ಣ ಬಂತು. ರುದ್ರಾಣಿ ನೆಲಕ್ಕೆ ಮೊಣಕಾಲೂರಿ ಕೂತು, "ತಿನ್ನವಾ, ತಿನ್ನು" ಅನ್ನುತ್ತಿದ್ದಳು, ಯಾರಿಗೆ ಅನ್ನುತ್ತಿದ್ದೇನೆ ಎಂಬ ಅರಿವಿಲ್ಲದೆ. ಅಂಥ ಸುಖ ಅವಳಿಗೆ ಐದು ವರ್ಷದಲ್ಲಿ ಆಗಿರಲಿಲ್ಲ.

"ರುಡಿ" ಎಂದರು ಗೆರ್ಟಾ.

ರುದ್ರಾಣಿ ತಲೆಯೆತ್ತಿದಳು. ಮುದುಕಿ ಅವಳನ್ನೇ ನೋಡುತ್ತಿದ್ದರು, ಎರಡೂವರೆ ವರ್ಷದ ಹಿಂದಿನ ಕಣ್ಣುಗಳಿಂದ. ಇಂಗ್ಲಿಷಿನಲ್ಲಿ, ತೊದಲದೆ, ಕೇಳಿದರು: "ಅವಳು ಯಾವಾಗ ಬಂದಳು?"

"ಯಾರು?"

"ಯಾರು ಅಂದರೆ! ಇರ್ಕಾ. ನನ್ನನ್ನು ಯಾಕೆ ಎಬ್ಬಿಸಲಿಲ್ಲ ನೀನು?" ಕೊರಳಿನ ಟವೆಲ್ಲು ಕಿತ್ತು ಗಲ್ಲ ಒರೆಸಿಕೊಂಡರು. ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಒತ್ತಿಕೊಂಡರು. "ಬಾಚಣಿಗೆ ಕೊಡು. ಹೊರಗೆ ಕೂರಿಸಿದ್ದೀಯಾ? ಚಹಾ ಕೊಟ್ಟೆಯಾ? ಅವಳಿಗೆ ಇಂಗ್ಲಿಷ್ ಬರುತ್ತೋ ಇಲ್ಲವೋ."

"ಮಿಸೆಸ್ ರೋಥ್..."

"ಬಂದಿರಲೇಬೇಕು. ಬಾರದೆ ನೀನು ನನಗೆ ಇದನ್ನು ಕೊಡೋದಿಲ್ಲ. ನೀನು ಮಾತು ಕೊಟ್ಟಿದ್ದೀ." ಎಷ್ಟು ನಂಬಿಕೆಯಿಂದ ಅಂದರು! ಬಾಗಿಲಿನ ಕಡೆ ಕತ್ತು ತಿರುಗಿಸಿ ಕಾಯತೊಡಗಿದರು. ಹೊರಗೆ ಯಾರದೋ ಹೆಜ್ಜೆ ಹತ್ತಿರ ಬಂದಾಗ ಕುರ್ಚಿಯ ಕೈಗಳನ್ನು ಹಿಡಿದು ಏಳಲು ನೋಡಿದರು. ಹೆಜ್ಜೆ ಮುಂದೆ ಹೋಯಿತು. ಅದಕ್ಕೆ ಬೇಸರವೂ ಮಾಡಿಕೊಳ್ಳಲಿಲ್ಲ, ಮುಂದಿನ ಹೆಜ್ಜೆಗೆ ಕಿವಿಗೊಟ್ಟರು.

ಸುಳ್ಳು ಹೇಳಲು ರುದ್ರಾಣಿಗೆ ಬರುತ್ತಿತ್ತು. ಮರೆವಿನವರ ಜೊತೆ ವಾದ ಮಾಡಬೇಡಿ, ಅವರಿಗೆ ಬೇಕಾದ್ದನ್ನು ಹೇಳಿ ಎಂದು ಟ್ರೈನಿಂಗಿನಲ್ಲೇ ಕಲಿಸಿದ್ದರು. ಸತ್ತ ಗಂಡಂದಿರು ಆಫೀಸಿಗೆ ಹೋಗಿದ್ದಾರೆ, ಸತ್ತ ತಾಯಂದಿರು ಅಂಗಡಿಗೆ ಹೋಗಿದ್ದಾರೆ ಎಂದು ದಿನಕ್ಕೆ ಹತ್ತು ಸಲ ಹೇಳುವವಳು ಅವಳು. ಬರುತ್ತಾಳೆ, ಟ್ರೈನಿನಲ್ಲಿದ್ದಾಳೆ, ಈಗ ಬಂದುಬಿಡುತ್ತಾಳೆ. ಐದು ನಿಮಿಷ ದಾಟಿದರೆ ಮತ್ತೆ ಮರೆವು ಬಂದು ಎಲ್ಲವನ್ನೂ ಮುಚ್ಚೀತು. ಬಾಯಿ ತೆರೆದಳು. ಮಾತು ಕೊಟ್ಟಿದ್ದೀ ಎಂದ ಬಾಯಿ ಅವಳ ಎದುರಿಗಿತ್ತು.

"ಬಂದಿಲ್ಲ" ಅಂದಳು. "ಯಾರೂ ಬಂದಿಲ್ಲ ಮಿಸೆಸ್ ರೋಥ್. ನೀವು ಹಸಿದಿದ್ದಿರಿ. ಅಳುತ್ತಿದ್ದಿರಿ. ನನ್ನಿಂದ ನೋಡಲಿಕ್ಕೆ ಆಗಲಿಲ್ಲ."

ಗೆರ್ಟಾ ತಟ್ಟೆಯ ಕಡೆ ನೋಡಿದರು. ಎರಡು ಬೀಜ. ಒಂದನ್ನು ಬೆರಳಿನಿಂದ ಮುಟ್ಟಿದರು. ಉಗಿಯಲಿ, ಹೊಡೆಯಲಿ, ಕಳ್ಳಿ ಅನ್ನಲಿ ಎಂದು ರುದ್ರಾಣಿ ಮುಖ ಒಡ್ಡಿ ಕೂತಿದ್ದಳು. ಅದಾವುದೂ ಆಗಲಿಲ್ಲ. "ಬಂದಿಲ್ಲ" ಎಂದು ಮುದುಕಿ ತಮ್ಮಷ್ಟಕ್ಕೆ ಅಂದುಕೊಂಡರು. ಮುಟ್ಟಿದ್ದ ಬೀಜವನ್ನು ಇನ್ನೊಂದರ ಪಕ್ಕಕ್ಕೆ ಸರಿಸಿ, "ಹಾಗಾದರೆ ಇನ್ನು ಬರೋದಿಲ್ಲ" ಅಂದರು. ಅರವತ್ತೈದು ವರ್ಷ ಹಣ್ಣು ಬಿಟ್ಟದ್ದು ತಂಗಿ ಬರಲಿ ಎಂದಲ್ಲ, ಹಣ್ಣು ಬಿಟ್ಟಿರುವಷ್ಟು ದಿನ ತಂಗಿ ಎಲ್ಲೋ ದಾರಿಯಲ್ಲಿ ಇದ್ದಾಳೆ ಎಂದು. ಇಷ್ಟು ಸಣ್ಣ ವಿಷಯ ರುದ್ರಾಣಿಗೆ ಈಗ ಹೊಳೆಯಿತು, ಎರಡೂ ಹಣ್ಣು ತಿನ್ನಿಸಿ ಮುಗಿಸಿದ ಮೇಲೆ. ಅವಳಿಗೆ ಅಲ್ಲೇ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಆರು ವರ್ಷದವಳು" ಎಂದರು ಗೆರ್ಟಾ. ಕಾರ್ಡಿಗನ್ನಿನ ಕೊರಳಪಟ್ಟಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಜಗ್ಗಿದರು. ಉಣ್ಣೆ ಹಿಗ್ಗಿತೇ ಹೊರತು ಹರಿಯಲಿಲ್ಲ. ಮತ್ತೆ ಜಗ್ಗಿದರು. ಮಣಿಕಟ್ಟಿನ ಮೇಲಿನ ನೀಲಿ ಕಲೆ ತೋಳಿನಿಂದ ಹೊರಗೆ ಬಂತು. "ಸತ್ತ ಸುದ್ದಿ ಕೇಳಿದರೆ ನಾವು ಉಟ್ಟದ್ದನ್ನು ಹರಿದುಕೊಳ್ಳಬೇಕು. ನನಗೆ ಶಕ್ತಿ ಇಲ್ಲ. ನೀನು ಸ್ವಲ್ಪ ಶುರು ಮಾಡಿಕೊಡು." ಬ್ಯಾಂಡೇಜು ಕತ್ತರಿಸುವ ಸಣ್ಣ ಕತ್ತರಿ ರುದ್ರಾಣಿಯ ಜೇಬಿನಲ್ಲಿತ್ತು. ಕೊರಳಪಟ್ಟಿಯಲ್ಲಿ ಒಂದು ಬೆರಳಷ್ಟು ಕತ್ತರಿಸಿದಳು. ಉಳಿದದ್ದನ್ನು ಗೆರ್ಟಾ ತಾವೇ ಹರಿದರು, ಎದೆಯ ತನಕ. ಆ ಸದ್ದಿನ ಜೊತೆ ಅವರ ಗಂಟಲಿನಿಂದ ಇನ್ನೊಂದು ಸದ್ದು ಬಂತು. ಆಮೇಲೆ ನೆಲದ ಕಡೆ ಕೈ ತೋರಿಸಿ, "ಕುರ್ಚಿಯಲ್ಲಿ ಕೂರಬಾರದು, ಕೆಳಗೆ ಕೂರಿಸು" ಅಂದರು. ರುದ್ರಾಣಿ ಕಂಕುಳಿಗೆ ಕೈ ಕೊಟ್ಟು ಅವರನ್ನು ಇಳಿಸಿದಳು. ಮುದುಕಿಗೆ ತೂಕವೇ ಇರಲಿಲ್ಲ. ಮಂಚಕ್ಕೆ ಬೆನ್ನು ಕೊಟ್ಟು ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತರು. ಗೆರ್ಟಾ ಅತ್ತರು. ಹೆಸರು ಹಿಡಿದು ಹಿಡಿದು ಅತ್ತರು, ಹೊಸದಾಗಿ ಸತ್ತವರಿಗೆ ಅಳುವ ಹಾಗೆ. ಊರಿನಲ್ಲಿ ಸಾವಿನ ಮನೆಯ ಹೆಂಗಸರು ಮಾಡುವಂತೆ ರುದ್ರಾಣಿ ಅವರ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಸುಮ್ಮನೆ ಬೆನ್ನು ಸವರುತ್ತಿದ್ದಳು.

ಬಾಗಿಲು ತೆರೆದು ಚಂದ್ರಿಕಾ ಒಳಗೆ ಬಂದಳು. ನೆಲದ ಮೇಲಿದ್ದ ಇಬ್ಬರನ್ನೂ, ಹರಿದ ಕಾರ್ಡಿಗನ್ನನ್ನೂ ನೋಡಿ ಬೆಚ್ಚಿದಳು. "ಅಯ್ಯೋ, ಏನಾಯ್ತು? ಬಿದ್ರಾ?"

"ಇಲ್ರಿ, ಬಿದ್ದಿಲ್ಲ. ನಾನ ಕುಂದರಿಸೀನಿ. ಅವರ ತಂಗಿ ತೀರಿಕೊಂಡ್ಳ್ರಿ."

"ತಂಗೀನಾ? ಯಾವಾಗ?"

"ಈಗ ರೀ" ಎಂದಳು ರುದ್ರಾಣಿ. "ಈಗ, ನನ್ನ ಕೈಯಾಗ."